ಮಣಿ ಕೆಲಸದ ಮದುವೆ ಗೌನ್ ಆಲ್ಟರೇಷನ್: ಕತ್ತರಿ ಕೊನೆಗಿರಲಿ

ದಾವಣಗೆರೆ ಕಡೆ ಈಗ ಮುಹೂರ್ತಕ್ಕೆ ರೇಷ್ಮೆ ಸೀರೆ, ರಿಸೆಪ್ಷನ್‌ಗೆ ಗೌನ್ ಅನ್ನುವುದು ಮಾಮೂಲಿ ಆಗಿದೆ. ಚರ್ಚಿನಲ್ಲಿ ಮದುವೆ ಆಗುವವರಿಗಂತೂ ಗೌನೇ ಮದುವೆ ಬಟ್ಟೆ. ಅದು ಬೆಂಗಳೂರಿನಿಂದಲೋ ಆನ್‌ಲೈನ್‌ನಿಂದಲೋ ಬರುತ್ತದೆ. ಹಾಕಿ ನೋಡಿದರೆ ಎದೆ ಲೂಸ್, ಭುಜ ಜಾರುತ್ತದೆ, ಉದ್ದ ನೆಲ ಗುಡಿಸುತ್ತದೆ. ಆಮೇಲೆ ಹುಡುಗಿ, ಅವರಮ್ಮ ಇಬ್ಬರೂ ಟೈಲರ್ ಅಂಗಡಿಗಳನ್ನು ಸುತ್ತುತ್ತಾರೆ. ಮಣಿ ಕೆಲಸ ಕಂಡ ತಕ್ಷಣ "ಇದು ನಮ್ಮ ಕೈಲಿ ಆಗಲ್ಲಕ್ಕಾ, ಬೆಂಗಳೂರಿಗೇ ಕಳಿಸ್ರಿ" ಅಂತ ಎಷ್ಟೋ ಜನ ವಾಪಸ್ ಕಳಿಸಿಬಿಡುತ್ತಾರೆ.

ನಾನು ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್ ಬಂದರೆ ಹರಿಹರ, ಚನ್ನಗಿರಿ, ಜಗಳೂರು ಕಡೆಯಿಂದಲೂ ಗೌನ್ ಬರುತ್ತವೆ. ನಾಲ್ಕು ಟಕ್ (ಮೈ ಆಕಾರಕ್ಕೆ ಹಿಡಿದು ಹೊಲಿಯುವ ಮಡಿಕೆ) ಇರುವ ಬ್ಲೌಸ್ ಚೆನ್ನಾಗಿ ಹೊಲಿಯುವವರು ಯಾರೇ ಆದರೂ ಗೌನ್ ಆಲ್ಟರೇಷನ್ ಮಾಡಬಹುದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೊಲಿಗೆ ಅದೇ ಹೊಲಿಗೆ. ಬೇರೆ ಇರುವುದು ಮಣಿ ಮತ್ತು ಮಣಿ ಹಿಡಿದಿರುವ ದಾರ. ಆ ದಾರ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಒಬ್ಬಳ ಗೌನ್ ಒಬ್ಬಳಿಗೇ ನಿಲ್ಲುವುದಿಲ್ಲ. ಅಕ್ಕನದು ತಂಗಿಗೆ, ತಂಗಿಯದು ಚಿಕ್ಕಪ್ಪನ ಮಗಳಿಗೆ ಹೋಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಬಟ್ಟೆ, ಹೋಗಲೇಬೇಕು ಕೂಡ. ಅದಕ್ಕೇ ನಾನು ಮಾಡುವ ಆಲ್ಟರೇಷನ್ ಎಲ್ಲವನ್ನೂ ನಾಳೆ ಇನ್ನೊಬ್ಬರು ಬಿಚ್ಚಿ ಸರಿ ಮಾಡುವ ಹಾಗೆ ಇಡುತ್ತೇನೆ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ಬಿಸಾಡುವುದಿಲ್ಲ. ಕೆಳಗೆ ಹೇಳಿದ್ದೆಲ್ಲ ಈ ಲೆಕ್ಕದ ಮೇಲೇ ಇದೆ.

ಮೊದಲು ಒಳಗಡೆ ನೋಡಿ

ಗೌನ್ ಕೈಗೆ ಬಂದ ಕೂಡಲೇ ಟೇಪ್ ಹಿಡಿಯಬೇಡಿ. ಬಿಳಿ ಕಾಟನ್ ಪಂಚೆ ಹಾಸಿ, ಅದರ ಮೇಲೆ ಗೌನನ್ನು ಉಲ್ಟಾ ಮಾಡಿ ಹರಡಿ. ಬಿಳಿ ಪಂಚೆಯೇ ಯಾಕೆ ಅಂದರೆ ಉದುರಿದ ಮಣಿ ಅದರ ಮೇಲೆ ಕಾಣುತ್ತದೆ, ಉರುಳಿ ಹೋಗುವುದಿಲ್ಲ. ಹೊರಗಡೆ, ಒಳಗಡೆ, ಜಿಪ್, ಕಂಕುಳ, ಅಂಚು ಎಲ್ಲದರ ಫೋಟೋ ತೆಗೆದುಕೊಳ್ಳಿ. ಮೊದಲೇ ಉದುರಿದ ಜಾಗ ಇದ್ದರೆ ಗಿರಾಕಿ ಎದುರಿಗೇ ತೋರಿಸಿ. ಇದು ಅನುಮಾನದಿಂದ ಮಾಡುವುದಲ್ಲ, ಇಬ್ಬರಿಗೂ ನೆಮ್ಮದಿ.

ಬಾಡಿಗೆ ಗೌನ್ ಆಗಿದ್ದರೆ ಅದನ್ನೂ ಕೇಳಿ. ಬಾಡಿಗೆಯದಕ್ಕೆ ಕೈಯಲ್ಲಿ ಕಚ್ಚಾ ಹೊಲಿಗೆ ಮಾತ್ರ. ಒಂದು ಮಣಿಯನ್ನೂ ತೆಗೆಯಬಾರದು. ಫಂಕ್ಷನ್ ಮುಗಿದ ಮೇಲೆ ದಾರ ಎಳೆದರೆ ಮೊದಲಿನ ಹಾಗೆ ಆಗಬೇಕು.

ಆಮೇಲೆ ಮಾರ್ಜಿನ್ ನೋಡಿ, ಅಂದರೆ ಹೊಲಿಗೆಯ ಆಚೆ ಒಳಗಡೆ ಬಿಟ್ಟಿರುವ ಬಟ್ಟೆ. ರೆಡಿಮೇಡ್ ಗೌನ್‌ಗಳಲ್ಲಿ ಸೈಡಿಗೆ ಅರ್ಧ ಇಂಚು ಇದ್ದರೆ ಪುಣ್ಯ. ಬೊಟೀಕ್‌ನಲ್ಲಿ ಹೊಲಿಸಿದ್ದಾದರೆ ಒಂದರಿಂದ ಎರಡು ಇಂಚು ಬಿಟ್ಟಿರುತ್ತಾರೆ. ಮಣಿ ಕೆಲಸ ಮಾರ್ಜಿನ್ ಒಳಗೂ ಹೋಗಿದೆಯೋ, ಹೊಲಿಗೆ ಹತ್ತಿರವೇ ನಿಂತಿದೆಯೋ ಅಂತ ಬೆರಳಲ್ಲಿ ಮುಟ್ಟಿ ನೋಡಿ.

ಈಗ ಮುಖ್ಯವಾದದ್ದು, ದಾರ. ಮಣಿ ಕೆಲಸ ಎರಡು ರೀತಿ ಇರುತ್ತದೆ. ಒಂದು, ಸಾದಾ ಸೂಜಿಯಲ್ಲಿ ಒಂದೆರಡು ಮಣಿ ತೆಗೆದುಕೊಂಡು ಹಿಂದಕ್ಕೆ ಚುಚ್ಚಿ ಹೊಲಿದದ್ದು. ಇದರಲ್ಲಿ ಅಲ್ಲಲ್ಲಿ ಗಂಟು ಇರುತ್ತದೆ. ಇನ್ನೊಂದು, ತುದಿಯಲ್ಲಿ ಕೊಕ್ಕೆ ಇರುವ ಆರಿ ಸೂಜಿಯಲ್ಲಿ ಮಾಡಿದ್ದು. ನಮ್ಮ ಕಡೆ ಮಗ್ಗಂ ವರ್ಕ್ ಅಂತಲೂ ಹೇಳುತ್ತಾರೆ. ಅದು ಸರಪಳಿ ಹೊಲಿಗೆ, ಒಂದೇ ದಾರ ಉದ್ದಕ್ಕೂ ಓಡಿರುತ್ತದೆ. ಅಕ್ಕಿ ಚೀಲದ ಬಾಯಿ ಬಿಚ್ಚುವಾಗ ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರಂತ ಬರುತ್ತದಲ್ಲ, ಇದೂ ಹಾಗೇ. ಒಂದು ಕಡೆಯಿಂದ ಎಳೆದರೆ ಪೂರ್ತಿ ಬಿಚ್ಚುತ್ತದೆ, ಇನ್ನೊಂದು ಕಡೆಯಿಂದ ಬರುವುದಿಲ್ಲ. ಬೇರೆಲ್ಲೋ ಕತ್ತರಿ ಹಾಕಿಸಿಕೊಂಡ ಒಂದು ಗೌನ್ ನನ್ನ ಹತ್ತಿರ ಬಂದಿತ್ತು. ಸೈಡಿನಲ್ಲಿ ದಾರ ಕತ್ತರಿಸಿ ಹಾಗೇ ಹೊಲಿದಿದ್ದರು. ಹುಡುಗಿ ಎರಡು ಸಲ ಹಾಕಿ ತೆಗೆಯುವಷ್ಟರಲ್ಲಿ ಎದೆಯ ಮೇಲಿನ ಬಳ್ಳಿಯೇ ಕಾಲು ಭಾಗ ಉದುರಿತ್ತು. ಅವರಮ್ಮ ಉದುರಿದ ಮಣಿಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಪಾಪ, ಮದುವೆ ಮುಂದಿನ ವಾರ.

ಯಾವ ರೀತಿ ಅಂತ ತಿಳಿಯಲು ಮಾರ್ಜಿನ್ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ದಾರ ಕತ್ತರಿಸಿ ಎರಡೂ ತುದಿಗಳನ್ನು ಮೆಲ್ಲಗೆ ಎಳೆಯಿರಿ. ಎರಡು ಮಣಿ ಬಂದು ನಿಂತರೆ ಸಾದಾ ಸೂಜಿಯದು. ಸಲೀಸಾಗಿ ಬರುತ್ತಲೇ ಇದ್ದರೆ ಆರಿಯದು. ಕೂಡಲೇ ಅಲ್ಲೊಂದು ಗಂಟು ಹಾಕಿ ನಿಲ್ಲಿಸಿ. ಕಲ್ಲುಗಳನ್ನು ಅಂಟಿಸಿದ್ದಾರೋ ಹೊಲಿದಿದ್ದಾರೋ ಅಂತಲೂ ಇದೇ ಹೊತ್ತಿಗೆ ನೋಡಿಕೊಳ್ಳಿ. ಅಂಟಿಸಿದ ಕಲ್ಲಿಗೆ ಐರನ್ ಶಾಖ ತಗುಲಿದರೆ ಬಿಟ್ಟುಕೊಳ್ಳುತ್ತದೆ.

ಹಾಕಿಸಿ ನೋಡುವುದು

ಮದುವೆ ದಿನ ಹಾಕುವ ಚಪ್ಪಲಿ, ಅವತ್ತು ಹಾಕುವ ಒಳ ಉಡುಪು, ಕ್ಯಾನ್‌ಕ್ಯಾನ್ (ಸ್ಕರ್ಟ್ ಉಬ್ಬಿಸುವ ಒಳಲಂಗ) ಬೇರೆ ಇದ್ದರೆ ಅದೂ ಬೇಕು. ಇವು ಮೂರೂ ಇಲ್ಲದೆ ಅಳತೆ ತೆಗೆಯಬೇಡಿ. ಹುಡುಗಿಯರು "ಹೀಲ್ಸ್ ಇನ್ನೂ ತಗೊಂಡಿಲ್ಲ ಆಂಟಿ, ಅಂದಾಜಿಗೆ ಹಾಕಿ" ಅನ್ನುತ್ತಾರೆ. ಅಂದಾಜಿನಲ್ಲಿ ಎರಡು ಇಂಚು ಆಚೀಚೆ ಆದರೆ ಗೌನ್ ಕಾಲಿಗೆ ತೊಡರುತ್ತದೆ. ಸ್ಟೇಜ್ ಮೆಟ್ಟಿಲಲ್ಲಿ ಎಡವುವವಳು ಅವಳು. ಹಾಗಾಗಿ ಚಪ್ಪಲಿ ತಂದ ಮೇಲೇ ಬನ್ನಿ ಅಂತ ಪ್ರೀತಿಯಿಂದಲೇ ವಾಪಸ್ ಕಳಿಸಿ.

ಸಮಯದ ಲೆಕ್ಕ ಹೀಗಿರಲಿ. ಮೂರು ವಾರ ಮುಂಚೆ ಮೊದಲ ಫಿಟಿಂಗ್, ಒಂದು ವಾರ ಮುಂಚೆ ಕೊನೆಯದು. ತೀರಾ ಎರಡು ತಿಂಗಳು ಮುಂಚೆ ಮಾಡಿಸಿದರೂ ಕಷ್ಟ. ಮದುವೆ ಹತ್ತಿರ ಬಂದಾಗ ಓಡಾಟ, ನಿದ್ದೆ ಇಲ್ಲದೆ ಎಷ್ಟೋ ಹುಡುಗಿಯರು ಇಳಿದು ಹೋಗುತ್ತಾರೆ.

ಗೌನನ್ನು ಸರಿ ಭಾಗದಲ್ಲೇ ಹಾಕಿಸಿ, ಲೂಸ್ ಇರುವ ಕಡೆ ಚಿವುಟಿ ಪಿನ್ ಮಾಡಿ. ಬಟನ್ ತಲೆಯ ಉದ್ದ ಪಿನ್ ಇದ್ದರೆ ಮಣಿಗಳ ನಡುವೆ ಸಿಕ್ಕಿಕೊಂಡು ಕಳೆದು ಹೋಗುವುದಿಲ್ಲ. ಪಿನ್ ಮಾಡಿದ ಮೇಲೆ ಕೂತು ಏಳಲಿ, ಕೈ ಎತ್ತಲಿ, ಹಾರ ಹಾಕುವ ಹಾಗೆ ಎರಡೂ ಕೈ ಮುಂದೆ ಚಾಚಲಿ. ಊಟಕ್ಕೆ ಕೂರುವುದೂ ಇದೆ ಅಲ್ವಾ, ಉಸಿರು ಬಿಗಿಯುವಷ್ಟು ಟೈಟ್ ಬೇಡ.

ಎಲ್ಲಿ ಹಿಡಿಸಬೇಕು

ಎಲ್ಲಿ ಮಣಿ ಕಡಿಮೆಯೋ ಅಲ್ಲಿ. ಇದೇ ನಿಯಮ. ಸಾಮಾನ್ಯವಾಗಿ ಅದು ಸೈಡ್ ಹೊಲಿಗೆ. ಕಂಕುಳ ಕೆಳಗೆ ಕೈ ಅಡ್ಡ ಬರುವುದರಿಂದ ಕೆಲಸ ಮಾಡುವವರೂ ಅಲ್ಲಿ ಮಣಿ ವಿರಳ ಮಾಡಿರುತ್ತಾರೆ. ಎದೆ ಸುತ್ತಳತೆ 2 ಇಂಚು ಲೂಸ್ ಇದ್ದರೆ ಎರಡು ಸೈಡಿಗೆ ಹಂಚಿದಾಗ ಒಂದೊಂದು ಕಡೆ 1 ಇಂಚು. ಅಂದರೆ ಹಳೆ ಹೊಲಿಗೆಯಿಂದ ಅರ್ಧ ಇಂಚು ಮಾತ್ರ ಒಳಗೆ ಬರಬೇಕು. ಅಷ್ಟು ಜಾಗದ್ದು, ಅದರ ಪಕ್ಕದ ಕಾಲು ಇಂಚಿನದು, ಇಷ್ಟು ಮಣಿ ತೆಗೆದರೆ ಸಾಕು. ಬರೆದುಕೊಂಡು ನೋಡಿದಾಗ ಕೆಲಸ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ಮೂರ್ನಾಲ್ಕು ಇಂಚಿಗಿಂತ ಜಾಸ್ತಿ ಲೂಸ್ ಇದ್ದರೆ ಎಲ್ಲವನ್ನೂ ಸೈಡಿನಲ್ಲೇ ಹಿಡಿಸಬೇಡಿ. ಮುಂದಿನ ಡಿಸೈನ್ ಪಕ್ಕಕ್ಕೆ ಸರಿದು ಹೋಗುತ್ತದೆ, ಕೈ ಸುತ್ತು ಚಿಕ್ಕದಾಗುತ್ತದೆ. ಒಂದು ಪಾಲನ್ನು ಬೆನ್ನಿನ ಕಟ್‌ಗೆ, ಅಂದರೆ ಬೆನ್ನಿನ ಮೇಲಿನ ಉದ್ದ ಹೊಲಿಗೆಗೆ, ಹಂಚಿ. ಎದೆಯ ಮೇಲೆ ಹೊಸ ಟಕ್ ಹಾಕುವುದನ್ನು ನಾನು ಒಪ್ಪುವುದೇ ಇಲ್ಲ. ಎಲ್ಲರ ಕಣ್ಣು ಬೀಳುವ ಜಾಗ ಅದು. ಅಲ್ಲಿ ಮಣಿ ತೆಗೆದು ಹಾಕಿದ ಗುರುತು ಎಷ್ಟು ನಾಜೂಕಾಗಿ ಮಾಡಿದರೂ ವಿಡಿಯೋ ಲೈಟಿಗೆ ಕಾಣುತ್ತದೆ.

ಜಿಪ್ ಇರುವ ಕಡೆ ಕೈ ಹಾಕುವುದು ಕೊನೆಯ ದಾರಿ. ಭುಜ ಮಾತ್ರ ಜಾರುತ್ತಿದ್ದರೆ ಭುಜದ ಹೊಲಿಗೆಯಲ್ಲೇ ಎತ್ತಿಬಿಡಿ, ಅರ್ಧ ಇಂಚು ಎತ್ತಿದರೂ ಇಡೀ ಮೇಲ್ಭಾಗ ಸರಿಯಾಗಿ ಕೂರುತ್ತದೆ. ಅಲ್ಲಿ ಒಳಗಿನಿಂದ ಒಂದು ಕಾಟನ್ ಟೇಪ್ ಸೇರಿಸಿ ಹೊಲಿಯಿರಿ. ಮಣಿ ಭಾರಕ್ಕೆ ಅದನ್ನು ಹೊತ್ತ ನೆಟ್ ಬಟ್ಟೆ ಜಗ್ಗಿ ಉದ್ದ ಆಗುವುದಿಲ್ಲ.

ಮಣಿ ಬಿಡಿಸುವುದು

ಇಲ್ಲಿ ಆತುರ ಬೇಡ. ಈ ಕೆಲಸವನ್ನು ನಾನು ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂತೇ ಮಾಡುವುದು.

ಪಿನ್ ಮಾಡಿದ ಗೆರೆಯನ್ನು ಉಲ್ಟಾ ಭಾಗಕ್ಕೆ ತೆಗೆದುಕೊಳ್ಳಿ. ಚಾಕ್ ನೆಟ್ ಮೇಲೆ ನಿಲ್ಲುವುದಿಲ್ಲ, ಆದ್ದರಿಂದ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿ. ಇದು ಹೊಸ ಹೊಲಿಗೆ ಬರುವ ಗೆರೆ. ಇದರಿಂದ ಮೈ ಕಡೆಗೆ ಕಾಲು ಇಂಚು ಬಿಟ್ಟು ಇನ್ನೊಂದು ಕಚ್ಚಾ ಗೆರೆ ಹಾಕಿ. ಈ ಎರಡನೇ ಗೆರೆಯ ಆಚೆಗಿನ ಮಣಿಗಳನ್ನು ಮುಟ್ಟುವ ಹಾಗಿಲ್ಲ. ಈಚೆಗಿನದೆಲ್ಲ, ಅಂದರೆ ಹಳೆ ಹೊಲಿಗೆಯವರೆಗೂ ಇರುವುದು, ಹೊರಗೆ ಬರಬೇಕು. ಮಾರ್ಜಿನ್ ಒಳಗೆ ಸೇರುವ ಮಣಿಗಳನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಅವು ಸೈಡಿನಲ್ಲಿ ಗಡ್ಡೆ ಕಟ್ಟಿದ ಹಾಗೆ ಉಬ್ಬುತ್ತವೆ. ಜೊತೆಗೆ ಹುಡುಗಿಯ ಪಕ್ಕೆ ತರಚಿ ಕೆಂಪಾಗುತ್ತದೆ.

ಮಣಿ ತೆಗೆಯುವ ಮೊದಲು ದಾರ ಕಟ್ಟಬೇಕು. ಎರಡನೇ ಗೆರೆಯನ್ನು ಮಣಿ ದಾರ ಎಲ್ಲೆಲ್ಲಿ ದಾಟುತ್ತದೋ ಅಲ್ಲೆಲ್ಲ ಉಲ್ಟಾ ಭಾಗದಿಂದ ಸಣ್ಣ ಸೂಜಿಯಲ್ಲಿ ಆ ದಾರದ ಮೇಲೇ ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿ ಗಂಟು ಬಿಗಿಯಿರಿ. ಸೂಜಿ ಮಣಿ ದಾರವನ್ನು ಚುಚ್ಚಿಕೊಂಡೇ ಹೋಗಬೇಕು, ಬರೀ ಸುತ್ತಿದರೆ ಜಾರುತ್ತದೆ. ಆರಿ ಕೆಲಸ ಆಗಿದ್ದರೆ ಪ್ರತಿ ಸಾಲಿಗೂ ಇದು ಕಡ್ಡಾಯ. ಫ್ಯಾಬ್ರಿಕ್ ಗ್ಲೂ ಹಾಕುವವರು ಟೂತ್‌ಪಿಕ್ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ ಗಂಟಿನ ಮೇಲೆ ಇಡಿ, ಪೂರ್ತಿ ಒಣಗಲು ಬಿಡಿ. ಮೊದಲು ಮಾರ್ಜಿನ್‌ನಲ್ಲಿ ಹಾಕಿ ನೋಡಿ, ಕೆಲವು ನೆಟ್ ಮೇಲೆ ಕಲೆ ಉಳಿಯುತ್ತದೆ.

ಗಂಟು ಬಿದ್ದ ಮೇಲೆ ಈಚೆ ಬದಿಯ ದಾರ ಕತ್ತರಿಸಿ ಮಣಿ ಎಳೆದುಕೊಳ್ಳಬಹುದು. ಹೊಲಿಗೆ ಬಿಚ್ಚುವ ರಿಪ್ಪರ್ ಬೇಡ. ಅದರ ಚೂಪು ತುದಿ ನೆಟ್‌ನ ಕಣ್ಣಿಗೆ ಸಿಕ್ಕಿದರೆ ತೂತು ದೊಡ್ಡದಾಗುತ್ತದೆ. ಚೂಪಾದ ಸಣ್ಣ ಎಂಬ್ರಾಯ್ಡರಿ ಕತ್ತರಿ ಒಳ್ಳೆಯದು. ಉಳಿದ ದಾರದ ತುದಿ ಅರ್ಧ ಇಂಚಾದರೂ ಇರಲಿ, ಅದನ್ನು ಹಿಂದಕ್ಕೆ ಮಡಚಿ ಇನ್ನೊಂದು ಗಂಟಿಗೆ ಸೇರಿಸಿ.

ಒಂದೇ ಒಂದು ಮಣಿ ಗೆರೆಯ ಮೇಲೆ ಅಡ್ಡ ಕೂತಿದ್ದರೆ, ದಾರ ಕತ್ತರಿಸಲು ಮನಸ್ಸಿಲ್ಲದಿದ್ದರೆ, ಆ ಮಣಿಯನ್ನೇ ಒಡೆಯಬಹುದು. ಗಾಜಿನ ಮಣಿಗೆ ಮಾತ್ರ ಇದು ನಡೆಯುತ್ತದೆ. ಜಾಗ ಇದ್ದರೆ ಮಣಿಯ ತೂತಿಗೆ ದಾರದ ಜೊತೆಗೇ ಒಂದು ದಪ್ಪ ಸೂಜಿಯನ್ನೂ ತೂರಿಸಿ, ಸಣ್ಣ ಇಕ್ಕಳದಲ್ಲಿ ಮೆಲ್ಲಗೆ ಅದುಮಿ. ಒಳಗೆ ಸೂಜಿ ಇರುವುದರಿಂದ ಗಾಜು ಹೊರಗಡೆಗೆ ಸಿಡಿಯುತ್ತದೆ, ದಾರ ಕತ್ತರಿಸುವುದಿಲ್ಲ. ಕನ್ನಡಕ ಹಾಕಿಕೊಳ್ಳದೆ ಇದನ್ನು ಮಾಡಲೇಬೇಡಿ. ಇಕ್ಕಳದ ಮೇಲೊಂದು ಬಟ್ಟೆ ಮುಚ್ಚಿಕೊಳ್ಳಿ. ಮಕ್ಕಳು ಆಡುವ ಜಾಗದಲ್ಲಿ ಕೂರಬೇಡಿ, ಚೂರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಣಿ ಹೋದ ಮೇಲೆ ದಾರ ಸಡಿಲ ಆಗುತ್ತದೆ, ಹಿಂದಿನಿಂದ ಒಂದು ಹೊಲಿಗೆ ಹಾಕಿ ಬಿಗಿ ಮಾಡಿ.

ಪ್ಲಾಸ್ಟಿಕ್ ಮುತ್ತು ಒಡೆಯುವುದಿಲ್ಲ, ಚಪ್ಪಟೆ ಆಗುತ್ತದೆ ಅಷ್ಟೇ. ಅದಕ್ಕೆ ದಾರವನ್ನೇ ಕತ್ತರಿಸಬೇಕು. ಚಮಕಿಗೆ ಸುಲಭದ ದಾರಿ ಇದೆ. ಅಂಚಿನಿಂದ ನಡುವಿನ ತೂತಿನವರೆಗೆ ಕತ್ತರಿಸಿ ಪಕ್ಕಕ್ಕೆ ಎಳೆದರೆ ದಾರ ಹಾಗೇ ಉಳಿದು ಚಮಕಿ ಮಾತ್ರ ಬರುತ್ತದೆ.

ತೆಗೆದ ಮಣಿ ಒಂದನ್ನೂ ಬಿಸಾಡಬೇಡಿ. ಸಣ್ಣ ಡಬ್ಬಿಗಳಲ್ಲಿ ಬೇರೆ ಬೇರೆ ಮಾಡಿ. ಪೈಪ್ ಮಣಿ ಒಂದರಲ್ಲಿ, ದುಂಡು ಮಣಿ ಒಂದರಲ್ಲಿ, ಕಲ್ಲು, ಚಮಕಿ ಬೇರೆ. ಇವೇ ಆಮೇಲೆ ಬೇಕಾಗುವುದು.

ಬಳ್ಳಿ ಅಡ್ಡ ಬಂದರೆ

ಕೆಲವು ಗೌನ್‌ನಲ್ಲಿ ಡಿಸೈನ್ ಮುಂಭಾಗದಿಂದ ಹಿಂಭಾಗಕ್ಕೆ ಹೊಲಿಗೆ ದಾಟಿಕೊಂಡು ಹೋಗಿರುತ್ತದೆ. ಹರಿಹರದ ಒಬ್ಬ ಹುಡುಗಿಯದು ಕೆನೆ ಬಣ್ಣದ ನೆಟ್ ಗೌನ್. ಎದೆಯಿಂದ ಹೊರಟ ಎಲೆ ಬಳ್ಳಿ ಎಡ ಸೈಡ್ ದಾಟಿ ಬೆನ್ನಿಗೆ ಹೋಗಿತ್ತು. ಎಲೆಯ ಸುತ್ತ ಬೆಳ್ಳಿ ಬಣ್ಣದ ಪೈಪ್ ಮಣಿ, ಒಳಗೆ ಮಂಜಿನ ಹನಿಯಷ್ಟು ಸಣ್ಣ ಗಾಜಿನ ಮಣಿ. ಅಂಥದ್ದನ್ನು ಕಿತ್ತು ಮತ್ತೆ ತುಂಬುವುದು ದಂಡ. ನಾನು ಮಾಡಿದ್ದು ಹೀಗೆ: ಹೊಲಿಗೆ ಮೇಲೆ ಬರುವ ಎರಡು ಎಲೆಗಳ ಅಂಚಿನ ಹೊರಗೆ ದಾರ ಕಟ್ಟಿ, ಎಲೆಯ ಆಕಾರದ ಸುತ್ತ ನೆಟ್ಟನ್ನು ಸ್ವಲ್ಪವೇ ಬಿಟ್ಟು ಕತ್ತರಿಸಿ, ಎಲೆಗಳನ್ನು ಬುಡದಲ್ಲಿ ಹಾಗೇ ಇರಿಸಿ ಹಿಂದಕ್ಕೆ ಮಡಚಿ ಪಿನ್ ಮಾಡಿದೆ. ಎಲೆ ಎದ್ದ ಜಾಗಕ್ಕೆ ಒಳಗಿನಿಂದ ಅದೇ ಬಣ್ಣದ ನೆಟ್ ಇಟ್ಟು ಸೈಡ್ ಹೊಲಿಗೆ ಹಾಕಿದೆ. ಆಮೇಲೆ ಎಲೆಗಳನ್ನು ಹೊಲಿಗೆ ಮೇಲೆಯೇ ಮಲಗಿಸಿ, ಅಂಚಿನುದ್ದಕ್ಕೂ ಕೈಯಲ್ಲಿ ಸಣ್ಣ ಸಣ್ಣ ಹೊಲಿಗೆ. ಹೊಲಿಗೆ ಇದೆ ಅಂತಲೇ ಗೊತ್ತಾಗದ ಹಾಗೆ ಬಳ್ಳಿ ಮೊದಲಿಗಿಂತ ಚೆನ್ನಾಗಿ ಕೂತಿತು. ಕತ್ತರಿ ಹಾಕುವುದನ್ನು ನಾನು ಒಪ್ಪುವ ಜಾಗಗಳು ಬಹಳ ಕಡಿಮೆ, ಇದು ಅದರಲ್ಲಿ ಒಂದು. ಇಲ್ಲಿ ಕತ್ತರಿಸಿದ್ದು ಗೌನ್ ಮೇಲೇ ಉಳಿಯುತ್ತದೆ.

ಮಿಷನ್ ಹೊಲಿಗೆ

ಬಟ್ಟೆ ಒತ್ತಿ ಹಿಡಿಯುವ ಸಾದಾ ಫೂಟ್ ತೆಗೆದು ಜಿಪ್ ಹೊಲಿಯುವ ಸಿಂಗಲ್ ಫೂಟ್ ಹಾಕಿ. ಅದು ಒಂದು ಬದಿಗೆ ಮಾತ್ರ ಒತ್ತುವುದರಿಂದ ಪಕ್ಕದ ಮಣಿ ಮೇಲೆ ಏರುವುದಿಲ್ಲ. ಸೂಜಿ 11 ನಂಬರ್, ನೆಟ್ ತೀರಾ ತೆಳುವಾಗಿದ್ದರೆ 9. ಹೊಸ ಸೂಜಿಯೇ ಇರಲಿ. ಮೊದಲು ಕೈಯಲ್ಲಿ ಗಟ್ಟಿ ಕಚ್ಚಾ ಹೊಲಿಗೆ ಹಾಕಿ, ಇನ್ನೊಮ್ಮೆ ಹಾಕಿಸಿ ನೋಡಿ, ಸರಿ ಅನ್ನಿಸಿದ ಮೇಲೇ ಮಿಷನ್ನಿಗೆ ಕೊಡಿ. ಮೋಟಾರ್ ಇದ್ದರೂ ಗಾಲಿಯನ್ನು ಕೈಯಲ್ಲೇ ತಿರುಗಿಸಿ. ಮಣಿಗೆ ತಗುಲಿದರೆ ಸೂಜಿ ಮುರಿದು ಮುಖಕ್ಕೆ ಸಿಡಿಯಬಹುದು, ಇಲ್ಲೂ ಕನ್ನಡಕ ಬೇಕು. ತೀರಾ ಒತ್ತೊತ್ತಾಗಿ ಮಣಿ ಇರುವ ಎರಡು ಮೂರು ಇಂಚು ಜಾಗ ಸಿಕ್ಕರೆ ಅಷ್ಟನ್ನು ಕೈಯಲ್ಲೇ ಬ್ಯಾಕ್ ಸ್ಟಿಚ್ ಹಾಕಿಬಿಡಿ, ಯಾವ ನಷ್ಟವೂ ಇಲ್ಲ.

ಲೈನಿಂಗ್ ಬೇರೆ, ಮಣಿ ಬಟ್ಟೆ ಬೇರೆ ಹೊಲಿಯಬೇಕು. ಎರಡನ್ನೂ ಸೇರಿಸಿ ಒಂದೇ ಹೊಲಿಗೆ ಹೊಡೆಯುವುದು ಬೇಗ ಆಗುತ್ತದೆ ನಿಜ. ಆದರೆ ಲೈನಿಂಗ್ ಮೈಗೆ ಸರಿಯಾಗಿ ಕೂತು, ಮೇಲಿನ ನೆಟ್ ಅದಕ್ಕಿಂತ ಒಂದು ಕೂದಲೆಳೆ ಸಡಿಲ ಇರಬೇಕು. ಹಾಗಿದ್ದರೆ ಕೂತು ಎದ್ದಾಗ ಜಗ್ಗುವುದು ಲೈನಿಂಗ್‌ಗೆ, ಮಣಿ ದಾರಕ್ಕಲ್ಲ. ಮಾರ್ಜಿನ್ ಅಂಚಿಗೆ ಮೆತ್ತನೆಯ ಕಾಟನ್ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ್ದು) ಕಟ್ಟಿ. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿಗೆ ಕಂಕುಳಲ್ಲಿ ಒಂದು ಕಾಟನ್ ಪ್ಯಾಡ್ ಕೂಡ ಹಾಕಿಕೊಡಿ. ಬೆವರು ತಾಗಿದರೆ ಬೆಳ್ಳಿ ಬಣ್ಣದ ಮಣಿ ಕಪ್ಪಾಗುತ್ತದೆ.

ಗೌನ್ ಭಾರ ಇದ್ದರೆ ಸೊಂಟದ ಒಳಗೆ ಒಂದು ಬೆಲ್ಟ್ ಇದೆಯೋ ನೋಡಿ. ಇಲ್ಲದಿದ್ದರೆ ಒಂದು ಇಂಚು ಅಗಲದ ಗಟ್ಟಿ ಟೇಪನ್ನು ಸೊಂಟದ ಹೊಲಿಗೆಗೆ ಅಲ್ಲಲ್ಲಿ ಹಿಡಿಸಿ, ಬೆನ್ನಿನಲ್ಲಿ ಹುಕ್ಕು ಹಾಕಿ. ಮೊದಲು ಆ ಬೆಲ್ಟ್ ಹುಕ್ಕು, ಆಮೇಲೆ ಜಿಪ್. ಸ್ಕರ್ಟಿನ ಭಾರವೆಲ್ಲ ಸೊಂಟಕ್ಕೆ ಬರುತ್ತದೆ, ಭುಜ ನೋಯುವುದಿಲ್ಲ, ಜಿಪ್ಪೂ ಕಿತ್ತುಕೊಳ್ಳುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಹುಡುಗಿಯರು ಆಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾರೆ.

ಮಣಿ ಮತ್ತೆ ತುಂಬುವುದು

ಹೊಲಿಗೆ ಆದ ಮೇಲೆ ಗೆರೆಯ ಪಕ್ಕ ಬೋಳು ಕಾಣುತ್ತದೆ. ತೆಗೆದಿಟ್ಟ ಮಣಿಯಲ್ಲೇ ಅದನ್ನು ತುಂಬಬೇಕು. ಮಣಿ ಸೂಜಿ 10 ಅಥವಾ 12 ನಂಬರ್, ಪಾಲಿಯೆಸ್ಟರ್ ದಾರ ಎರಡೆಳೆ, ಸ್ವಲ್ಪ ಜೇನುಮೇಣ ಸವರಿಕೊಳ್ಳಿ, ಸಿಕ್ಕಾಗುವುದಿಲ್ಲ. ನೈಲಾನ್ ದಾರ ಬೇಡ. ಗಂಟು ಜಾರುತ್ತದೆ, ತುದಿ ಮೈಗೆ ಚುಚ್ಚುತ್ತದೆ. ನಾಲ್ಕೈದು ಮಣಿಗೊಂದು ಗಂಟು ಹಾಕುತ್ತಾ ಹೋಗಿ. ನಾಳೆ ಎಲ್ಲಾದರೂ ದಾರ ತುಂಡಾದರೂ ನಾಲ್ಕು ಮಣಿಗೇ ನಿಲ್ಲುತ್ತದೆ. ಕಂಕುಳ ಕೆಳಗೆ ಎರಡು ಮೂರು ಇಂಚು ಮಣಿ ತುಂಬದೆ ಬಿಡಿ. ತೋಳು ಉಜ್ಜುವ ಜಾಗ, ಹಾಕಿದರೂ ಉದುರುತ್ತದೆ.

ಮಣಿ ಸಾಲದಿದ್ದರೆ ಅಂಗಡಿಗೆ ಓಡುವ ಮೊದಲು ಗೌನ್‌ನಲ್ಲೇ ಹುಡುಕಿ. ಹಿಂದೆ ನೆಲದ ಮೇಲೆ ಹರಿಯುವ ಟ್ರೇಲ್‌ನ ಕೊನೆ ಅಂಚು, ಒಳಗೆ ಮಡಚಿದ ಜಾಗ, ಕಂಕುಳ, ಇಲ್ಲೆಲ್ಲ ಇಪ್ಪತ್ತು ಮೂವತ್ತು ಮಣಿ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣವೂ ಪಕ್ಕಾ ಹೊಂದುತ್ತದೆ. ಬಿಳಿ, ಬಂಗಾರದ ಬಣ್ಣದ ಸಾದಾ ಮಣಿ ನಮ್ಮೂರಲ್ಲೇ ಸಿಗುತ್ತದೆ. ಕಾಮನಬಿಲ್ಲಿನ ಹೊಳಪಿನದು, ತೀರಾ ಸಣ್ಣದು ಬೇಕಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಹೋಗುವವರ ಕೈಯಲ್ಲಿ ತರಿಸುತ್ತೇನೆ. ದಾರಕ್ಕೆ ಎರಡು ಮಣಿ ಪೋಣಿಸಿ ಸ್ಯಾಂಪಲ್ ಕೊಟ್ಟು ಕಳಿಸಿ. ಮಣಿ ನಂಬರ್ ಜಾಸ್ತಿ ಆದಷ್ಟೂ ಸೈಜ್ ಸಣ್ಣದು ಅನ್ನುವುದು ನೆನಪಿರಲಿ. 8 ನಂಬರ್ ಸುಮಾರು 3 ಮಿಲಿಮೀಟರ್, 11 ನಂಬರ್ ಸುಮಾರು 2, 15 ನಂಬರ್ ಅಂದರೆ ಒಂದೂವರೆ. ಬಣ್ಣವನ್ನು ಬಿಸಿಲಲ್ಲೂ ನೋಡಿ, ಎಲ್‌ಇಡಿ ಬೆಳಕಿನಲ್ಲೂ ನೋಡಿ. ಫಂಕ್ಷನ್ ಹಾಲ್‌ನಲ್ಲಿ ಇರುವುದು ಎಲ್‌ಇಡಿಯೇ.

ಟೈಟ್ ಆದ ಗೌನ್

ಮಾರ್ಜಿನ್ ಇದ್ದರೆ ಹೊಲಿಗೆ ಬಿಚ್ಚಿ ಬಿಡಬಹುದು. ಆದರೆ ಹಳೆ ಹೊಲಿಗೆಯ ತೂತು ಮತ್ತು ಮಣಿ ಇಲ್ಲದ ಪಟ್ಟಿ ಕಾಣುತ್ತದೆ, ಅದರ ಮೇಲೆ ಮಣಿ ತುಂಬಲೇಬೇಕು. ಇದನ್ನು ಗಿರಾಕಿಗೆ ಮೊದಲೇ ಹೇಳಿ, ಕೂಲಿ ಕೂಡ ಆ ಗಂಟೆಗಳ ಲೆಕ್ಕದಲ್ಲೇ ಹೇಳಿ. ಸೈಡ್ ಹೊಲಿಗೆಯ ಸಾದಾ ರೇಟಿಗೆ ಮಣಿ ಕೆಲಸ ಮಾಡಿಕೊಡುವುದು ನಮ್ಮ ಕಣ್ಣಿಗೂ ಬೆನ್ನಿಗೂ ಮಾಡುವ ಅನ್ಯಾಯ.

ಮಾರ್ಜಿನ್ ಇಲ್ಲದಿದ್ದರೆ ಜಿಪ್ ತೆಗೆದು ಬೆನ್ನಿಗೆ ಡೋರಿ (ಲೂಪ್‌ಗಳಲ್ಲಿ ಪೋಣಿಸಿ ಕಟ್ಟುವ ಹುರಿ) ಮಾಡುವುದು ಎಲ್ಲಕ್ಕಿಂತ ಚೆಂದ. ಎರಡೂ ಅಂಚಿಗೆ ಕ್ರಾಸ್ ಬಟ್ಟೆಯ ಲೂಪ್‌ಗಳನ್ನು ಮುಕ್ಕಾಲು ಇಂಚಿಗೊಂದರಂತೆ ಹಿಡಿಸಿ. ಒಳಗೆ ಆರು ಇಂಚು ಅಗಲದ ಪಟ್ಟಿ ಒಂದು ಬದಿಗೆ ಹೊಲಿಯಿರಿ, ಮೈ ಕಾಣುವುದಿಲ್ಲ. ಸುಮಾರು ಮೂರು ಮೀಟರ್ ಡೋರಿ ಹಿಡಿಯುತ್ತದೆ. ಎರಡು ಮೂರು ಇಂಚು ಆರಾಮವಾಗಿ ಸಿಗುತ್ತದೆ. ಲೂಪ್ ಹೊಲಿಗೆ ಬರೀ ನೆಟ್ ಮೇಲೆ ಬೀಳಬಾರದು, ಒಳಗೆ ಕ್ಯಾನ್ವಾಸ್ ಪಟ್ಟಿ ಇರಲಿ. ತೆಗೆದ ಜಿಪ್ಪನ್ನು ಕವರಿನಲ್ಲಿ ಹಾಕಿ ಕೊಟ್ಟುಬಿಡಿ.

ಉದ್ದ ಕಡಿಮೆ ಮಾಡುವುದು

ಅಳತೆ ತೆಗೆಯುವ ಮುಂಚೆ ಗೌನನ್ನು ಒಂದು ರಾತ್ರಿ ತೂಗು ಹಾಕಿ. ಮಣಿ ಭಾರಕ್ಕೆ ಎಷ್ಟು ಇಳಿಯಬೇಕೋ ಅಷ್ಟು ಇಳಿಯುತ್ತದೆ. ಮಾರನೇ ದಿನ ಹುಡುಗಿಯನ್ನು ಚಪ್ಪಲಿ ಹಾಕಿಸಿ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಸೊಂಟದಿಂದ ಅಲ್ಲ, ನೆಲದಿಂದ ಮೇಲಕ್ಕೆ ಸ್ಕೇಲ್ ಇಟ್ಟು ಸುತ್ತಲೂ ಪಿನ್ ಮಾಡಿ. ಮುಂದೆ ನೆಲದಿಂದ ಒಂದು ಇಂಚು ಮೇಲೆ ಇದ್ದರೆ ನಡೆಯಲು ಸುಲಭ. ಲೈನಿಂಗ್ ಅದಕ್ಕಿಂತ ಇನ್ನೊಂದು ಇಂಚು ಮೇಲೆ.

ಅಂಚು ಸಾದಾ ಇದ್ದರೆ ಮಡಚಿ ಹೆಮ್ಮಿಂಗ್ ಮಾಡಿದರೆ ಮುಗಿಯಿತು. ಕೆಳಗೆ ಮಣಿ ಬಾರ್ಡರ್ ಇದ್ದರೆ ಮಾತ್ರ ಯೋಚನೆ ಮಾಡಬೇಕು. ಒಂದೆರಡು ಇಂಚು ಕಡಿಮೆ ಮಾಡಲು ಸೊಂಟದ ಹೊಲಿಗೆ ಬಿಚ್ಚಿ ಸ್ಕರ್ಟನ್ನು ಮೇಲಕ್ಕೆ ಎಳೆದು ಸೇರಿಸಬಹುದು. ಮೇಲಕ್ಕೆ ಹೋದ ಬಟ್ಟೆಯನ್ನು ಒಳಗೇ ಬಿಡಿ. ಸ್ಕರ್ಟ್ ಕೆಳಗೆ ಅಗಲ ಆಗುತ್ತಾ ಹೋಗುವುದರಿಂದ ಹೊಸ ಸೊಂಟದ ಗೆರೆ ದೊಡ್ಡದಾಗಿರುತ್ತದೆ, ಅದನ್ನು ಸೈಡಿನಲ್ಲಿ ಹಿಡಿಸಬೇಕು. ಜಿಪ್ಪಿನ ಕೆಳಭಾಗವನ್ನೂ ಸರಿ ಮಾಡಬೇಕು. ಮೂರು ನಾಲ್ಕು ಇಂಚು ಕಡಿಮೆ ಆಗಬೇಕಾದರೆ ಈ ದಾರಿ ಬೇಡ, ಬಾರ್ಡರ್ ಎತ್ತಿ ಕೂರಿಸಿ. ಬಾರ್ಡರಿನ ಮೇಲ್ಬದಿಯ ಡಿಸೈನ್ ಸುತ್ತ ದಾರ ಕಟ್ಟಿ, ಅರ್ಧ ಇಂಚು ನೆಟ್ ಬಿಟ್ಟು ಬಿಡಿಸಿಕೊಳ್ಳಿ. ಅದನ್ನು ಸ್ಕರ್ಟ್ ಮೇಲೆ ಬೇಕಾದ ಎತ್ತರಕ್ಕೆ ಇಟ್ಟು, ಮೊದಲು ಮುಂದೆ, ಹಿಂದೆ, ಎರಡು ಸೈಡು, ಹೀಗೆ ನಾಲ್ಕು ಕಡೆ ಪಿನ್, ಆಮೇಲೆ ನಡುನಡುವೆ ಪಿನ್. ಮೇಲೆ ಸುತ್ತಳತೆ ಕಡಿಮೆ, ಹಾಗಾಗಿ ಬಾರ್ಡರ್ ಸ್ವಲ್ಪ ಉಳಿಯುತ್ತದೆ. ಅದನ್ನು ಬೆನ್ನಿನ ನಡುವೆ, ಎರಡು ಹೂವಿನ ಮಧ್ಯೆ ಒಂದರ ಮೇಲೊಂದು ಕೂರಿಸಿ. ಡಿಸೈನ್ ಅಂಚಿನುದ್ದಕ್ಕೂ ಕೈ ಹೊಲಿಗೆ. ಎರಡು ದಿನದ ಕೆಲಸ ಇದು, ಆದರೆ ಮುಗಿದಾಗ ಕಾರ್ಖಾನೆಯಿಂದಲೇ ಹೀಗೆ ಬಂದಿದೆ ಅನ್ನಿಸುತ್ತದೆ.

ಟ್ರೇಲ್ ಎತ್ತಿ ಕಟ್ಟಲು ಹುಕ್ಕು ಬೇಕು ಅಂದರೆ ಒಂದೇ ಹುಕ್ಕಿಗೆ ಭಾರ ಹಾಕಬೇಡಿ. ಮೂರು ಕಡೆ ಹಂಚಿ, ಹೊಲಿಗೆ ಇರುವ ಗಟ್ಟಿ ಜಾಗಕ್ಕೇ ಹಿಡಿಸಿ.

ಐರನ್, ಮಡಚುವುದು, ಕೊಡುವುದು

ಮಣಿ ಮೇಲೆ ಐರನ್ ಇಡಬಾರದು. ದಪ್ಪ ಟವೆಲ್ ಹಾಸಿ, ಗೌನನ್ನು ಮಣಿ ಕೆಳಗೆ ಮಾಡಿ ಮಲಗಿಸಿ, ಮೇಲೆ ಕಾಟನ್ ಬಟ್ಟೆ ಮುಚ್ಚಿ ಕಡಿಮೆ ಶಾಖದಲ್ಲಿ ಒತ್ತಿ. ಹೊಲಿಗೆ ಜಾಗ ಬಿಟ್ಟು ಬೇರೆಲ್ಲೂ ಬೇಡ. ಚಮಕಿ ಶಾಖಕ್ಕೆ ಸುರುಟಿಕೊಳ್ಳುತ್ತದೆ. ಹಬೆ ಕೂಡ ದೂರದಿಂದ, ಒಳಭಾಗದಿಂದ ಮಾತ್ರ.

ಒಮ್ಮೆ ಗೌನನ್ನು ಪಂಚೆ ಮೇಲೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮಣಿ ಬಿದ್ದರೆ ಎಲ್ಲಿಂದ ಬಿತ್ತು ಅಂತ ಹುಡುಕಿ ಕಟ್ಟಿ. ಬೀಳದಿದ್ದರೆ ಮಡಚಿ. ಮಡಿಕೆಗಳ ನಡುವೆ ಬಿಳಿ ಮಲ್ ಬಟ್ಟೆಯ ಸುರುಳಿ ಇಡಿ. ಹ್ಯಾಂಗರ್‌ಗೆ ಹಾಕಿ ಬೀರುವಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಭುಜ ಜಗ್ಗುತ್ತದೆ. ಪ್ಲಾಸ್ಟಿಕ್ ಕವರ್ ಬದಲು ಹಳೆ ಕಾಟನ್ ಸೀರೆ ಸುತ್ತಿ. ನುಸಿ ಗುಳಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಮಣಿಗಳು ಅದಕ್ಕೆ ಮೆತ್ತಗಾಗಿ ಅಂಟಂಟಾಗುತ್ತವೆ. ಡ್ರೈಕ್ಲೀನ್‌ಗೆ ಕೊಡುವ ಮುಂಚೆ ಎರಡು ಮಣಿ, ಎರಡು ಚಮಕಿ ಕೊಟ್ಟು ಅವರ ದ್ರಾವಣದಲ್ಲಿ ಅದ್ದಿ ತೋರಿಸಲು ಹೇಳಿ. ಬಣ್ಣ ಬಿಟ್ಟರೆ ಗೌನ್ ಕೊಡಲೇಬೇಡಿ.

ಗೌನ್ ಜೊತೆ ಒಂದು ಸಣ್ಣ ಪೊಟ್ಟಣ ಕಳಿಸಿ. ಅದರಲ್ಲಿ ಉಳಿದ ಮಣಿ, ದಾರ ಪೋಣಿಸಿದ ಎರಡು ಸೂಜಿ, ನಾಲ್ಕು ಸೇಫ್ಟಿ ಪಿನ್, ಹೆಚ್ಚುವರಿ ಹುಕ್ಕು ಇರಲಿ. ಎಲ್ಲೆಲ್ಲಿ ಎಷ್ಟೆಷ್ಟು ಹಿಡಿಸಿದ್ದೀರಿ, ಒಳಗೆ ಎಷ್ಟು ಬಟ್ಟೆ ಇದೆ ಅಂತ ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಮುಂದೆ ಆ ಗೌನ್ ಬಿಚ್ಚುವ ಟೈಲರ್‌ಗೆ ಅದು ಬೇಕಾಗುತ್ತದೆ.